ಕೆರೆ ಏರಿಯ ಮೇಲಿನ ಗುಟುರು

ಎಲೆಕ್ಟ್ರಾನಿಕ್ ಸಿಟಿಯಿಂದ ಸಂಜೆ ಮನೆಗೆ ಬರುವ ನನ್ನ ಬಸ್ಸು ಮೊನ್ನೆ ಒಂದು ಪೆಟ್ರೋಲ್ ಬಂಕಿನ ಮುಂದೆ ಬಹಳ ಹೊತ್ತು ನಿಂತುಬಿಟ್ಟಿತು. ಪಕ್ಕದಲ್ಲಿ ಒಣಹುಲ್ಲು ಹೇರಿಕೊಂಡ ಟೆಂಪೋ ಒಂದು ನಿಂತಿತ್ತು. ಕಿಟಕಿಯಿಂದ ಪೆಟ್ರೋಲಿನ ವಾಸನೆಯೂ ಹುಲ್ಲಿನ ವಾಸನೆಯೂ ಒಟ್ಟಿಗೆ ಒಳಗೆ ಬಂದವು. ಇಡೀ ದಿನ ಲೆಕ್ಕಪತ್ರ ನೋಡಿ ದಣಿದು ಕಣ್ಣು ಮುಚ್ಚಿದ್ದ ನಾನು ಹಾಗೆಯೇ ಕಣ್ಣು ಮುಚ್ಚಿಕೊಂಡು ಕುಳಿತೆ. ಬಿಡಿಬಿಡಿಯಾಗಿ ಆ ಎರಡು ವಾಸನೆಗಳು ದಿನವೂ ಸಿಗುತ್ತವೆ. ಎರಡೂ ಬೆರೆತದ್ದು ಮಾತ್ರ ನನಗೆ ಒಂದೇ ಜಾಗ: ಸರ್ಜಾಪುರದ ಕಡೆಯ ನಮ್ಮ ಊರಿನ ಹಳೆಯ ಮನೆ, ಅದರ ದನದ ಕೊಟ್ಟಿಗೆ. ಆ ಕೊಟ್ಟಿಗೆಯಲ್ಲಿ ಮೂರು ಹಸುಗಳ ಜೊತೆ ಒಂದು ಅಮೆರಿಕದ ಕಾರು ಇತ್ತು.

ಉದ್ದ ಮೂತಿಯ, ಎರಡೇ ಬಾಗಿಲಿನ, ಎಂಟು ಸಿಲಿಂಡರಿನ ಕೆಂಪು ಕಾರು. ಸ್ಟಿಯರಿಂಗು ಎಡಗಡೆ. ಇಂಥವನ್ನು ಮಸಲ್ ಕಾರ್ ಎನ್ನುತ್ತಾರೆಂದು ನನಗೆ ಗೊತ್ತಾದದ್ದು ಅದು ಮನೆಯಿಂದ ಹೋದ ಮೇಲೆ. ನಮ್ಮ ದೊಡ್ಡಪ್ಪ ಮೊದಲು ವೈಟ್‌ಫೀಲ್ಡಿನಲ್ಲಿ ಒಬ್ಬ ಕಾರ್ಖಾನೆ ಯಜಮಾನರ ಬಳಿ ಡ್ರೈವರಾಗಿದ್ದರು. ಯಜಮಾನರು ಆ ಕಾರನ್ನು ದೇಶ ಬಿಟ್ಟು ಹೊರಟ ಯಾರೋ ಪರದೇಶದವರಿಂದ ಕೊಂಡಿದ್ದರಂತೆ. ಅವರು ತೀರಿಕೊಂಡ ಮೇಲೆ ಅವರ ಮಕ್ಕಳಿಗೆ ಅದು ಜಾಗ ತಿನ್ನುವ ವಸ್ತುವಾಯಿತು. ಇಷ್ಟು ವರ್ಷ ಓಡಿಸಿದವನೇ ತೆಗೆದುಕೊಂಡು ಹೋಗಲಿ ಎಂದು ದೊಡ್ಡಪ್ಪನಿಗೆ ಕೊಟ್ಟುಬಿಟ್ಟರು. ಆಮೇಲೆ ದೊಡ್ಡಪ್ಪನಿಗೆ ಹೆಬ್ಬಗೋಡಿಯ ಒಂದು ಕಾರ್ಖಾನೆಯ ಸ್ಟೋರಿನಲ್ಲಿ ಕೆಲಸ ಸಿಕ್ಕಿತು. ಜೊತೆಯವರೆಲ್ಲ ಬಸ್ಸಿನಲ್ಲಿ, ಸ್ಕೂಟರಿನಲ್ಲಿ ಬರುತ್ತಿದ್ದರೆ ಇವರು ಆ ಕಾರಿನಲ್ಲಿ ಹೋಗಿ, ಸಂಜೆ ಡಿಕ್ಕಿಯ ತುಂಬ ಹುಲ್ಲು ತುರುಕಿ, ಮುಚ್ಚಳಕ್ಕೆ ಹಗ್ಗ ಬಿಗಿದುಕೊಂಡು ವಾಪಸಾಗುತ್ತಿದ್ದರು.

ಅದಕ್ಕೆ ಬಸವ ಎಂದು ಹೆಸರಿಟ್ಟವರು ದೊಡ್ಡಮ್ಮ. ಪ್ರೀತಿಯಿಂದ ಇಟ್ಟದ್ದಲ್ಲ. “ಎರಡು ಅಸ ಕರೆದಿದ್ದೆಲ್ಲಾ ಈ ಬಸ್ವನ ಒಟ್ಟೆಗೇ ಓಯ್ತದೆ. ಇದು ಯಾವತ್ತು ಆಲು ಕೊಡ್ತದೋ ನೋಡಾಣ” ಎಂದು ಕೊಟ್ಟಿಗೆ ಗುಡಿಸುವಾಗಲೆಲ್ಲ ಹಂಗಿಸುತ್ತಿದ್ದರು. ದೊಡ್ಡಪ್ಪ ನಗುತ್ತಿದ್ದರು. “ಬಸ್ವ ಆಲು ಕೊಡಾಕಿಲ್ಲ ಕಣೆ, ಗುಟುರು ಆಕ್ತದೆ.”

ಗುಟುರೇ ಹಾಕುತ್ತಿತ್ತು. ಸುಮ್ಮನೆ ನಿಂತಾಗಲೂ ಅದರ ಎಂಜಿನ್ನು ಒಂದೇ ಸಮನೆ ಓಡುತ್ತಿರಲಿಲ್ಲ. ಎಡವಿದಂತೆ, ಮತ್ತೆ ಸಾವರಿಸಿಕೊಂಡಂತೆ, ಎದೆಯೊಳಗಿಂದ ಬರುವ ಸದ್ದು. ಸಂಜೆ ಕೆರೆ ಕೋಡಿಯ ಹತ್ತಿರ ಏರಿ ಹತ್ತುವಾಗ ದೊಡ್ಡಪ್ಪ ಗೇರು ಇಳಿಸುತ್ತಿದ್ದರು. ನೀರಿನ ಮೇಲಿಂದ ಆ ಸದ್ದು ನೆಟ್ಟಗೆ ನಮ್ಮ ಅಡುಗೆಮನೆಗೆ ಬರುತ್ತಿತ್ತು. ದೊಡ್ಡಮ್ಮ ಏನು ಮಾಡುತ್ತಿದ್ದರೂ ಬಿಟ್ಟು ಮುದ್ದೆಗೆ ಎಸರಿಡುತ್ತಿದ್ದರು. ಕಾರು ಏರಿ ದಾಟಿ, ಊರು ಸುತ್ತಿ, ಕೊಟ್ಟಿಗೆ ಸೇರಿ, ದೊಡ್ಡಪ್ಪ ಹುಲ್ಲು ಇಳಿಸಿ ಕೈಕಾಲು ತೊಳೆದು ಬರುವುದಕ್ಕೂ ಮುದ್ದೆ ತಟ್ಟೆಗೆ ಬೀಳುವುದಕ್ಕೂ ಸರಿಹೋಗುತ್ತಿತ್ತು. ಆರಿದ ಮುದ್ದೆಯನ್ನು ಅವರಿಗೆ ಬಡಿಸಿದರೆ ತನಗೆ ಅವಮಾನ ಎಂಬಂತೆ ದೊಡ್ಡಮ್ಮ ನಡೆದುಕೊಳ್ಳುತ್ತಿದ್ದರು. ನಮ್ಮದು ಒಂದೇ ಒಲೆಯ ಮನೆ. ದೊಡ್ಡಪ್ಪ, ದೊಡ್ಡಮ್ಮ, ಅವರ ಮಗ ಮಂಜಣ್ಣ, ನನ್ನ ಅಪ್ಪ ಅಮ್ಮ, ನಾನು. ಗೋಡೆ ಗಡಿಯಾರ ಇದ್ದರೂ ಊಟದ ಹೊತ್ತಿಗೆ ಯಾರೂ ಅದನ್ನು ನೋಡುತ್ತಿರಲಿಲ್ಲ. “ಗಾಡಿ ಬಂತು” ಎಂದರೆ ಪುಸ್ತಕ ಮುಚ್ಚಿ ತಟ್ಟೆ ತೆಗೆದುಕೊಳ್ಳುವುದು. ಅಕ್ಕಪಕ್ಕದ ಮನೆಗಳವರೂ ಅದೇ ಸದ್ದಿಗೆ ಎಸರಿಡುತ್ತಿದ್ದರೆಂದು ಅಮ್ಮ ಈಗಲೂ ಹೇಳುತ್ತಾಳೆ.

ದೊಡ್ಡಮ್ಮ ಆ ಸದ್ದಿನಲ್ಲೇ ಎಲ್ಲವನ್ನೂ ತಿಳಿಯುತ್ತಿದ್ದರು. ಹುಲ್ಲು ಸಿಕ್ಕಿದೆಯೋ ಇಲ್ಲವೋ, ಗಂಡನಿಗೆ ಸಿಟ್ಟು ಬಂದಿದೆಯೋ ಏನೋ, ಎಲ್ಲವೂ. ಬೆಳಿಗ್ಗೆ ಹೋಗುವ ಸದ್ದೇ ಬೇರೆ, ಸಂಜೆ ಬರುವ ಸದ್ದೇ ಬೇರೆ ಎನ್ನುತ್ತಿದ್ದರು. ಬೆಳಿಗ್ಗೆ ಕಾರು ಹೊರಟ ಮೇಲೆ ಬಾಗಿಲಲ್ಲೇ ನಿಂತಿರುತ್ತಿದ್ದರು. ಗುಟುರು ಸಣ್ಣದಾಗುತ್ತಾ ಕೋಡಿಯಾಚೆ ಕರಗಿದ ಮೇಲೆ “ಒಂಟೋದ್ರು” ಎಂದು ತಮಗೆ ತಾವೇ ಹೇಳಿಕೊಂಡು ಒಳಗೆ ಬರುತ್ತಿದ್ದರು. ಆಮೇಲೆಯೇ ಅವರ ತಿಂಡಿ. ನಾನು ಚಿಕ್ಕವಳಿದ್ದಾಗ ಅದೂ ಬಾಗಿಲಿಗೆ ನೀರು ಹಾಕಿದಂತೆ ಒಂದು ನಿತ್ಯದ ಕೆಲಸ ಎಂದುಕೊಂಡಿದ್ದೆ.

ದೊಡ್ಡಪ್ಪ ಹೋದದ್ದು ಒಂದು ಭಾನುವಾರ ಮಧ್ಯಾಹ್ನ. ಎದೆ ಹಿಡಿದುಕೊಂಡಿತು ಎಂದರು. ಪಕ್ಕದ ಮನೆಯವರ ವ್ಯಾನಿನಲ್ಲಿ ಮಲಗಿಸಿಕೊಂಡು ಹೋದರು. ಆಸ್ಪತ್ರೆಯ ಗಾಡಿ ಅವರನ್ನು ವಾಪಸು ತಂದಿತು. ಬಸವ ಆ ದಿನ ಕೊಟ್ಟಿಗೆಯಲ್ಲೇ ಇತ್ತು. ಆಮೇಲೆ ಅದನ್ನು ಯಾರೂ ಚಾಲೂ ಮಾಡಲಿಲ್ಲ. ಮಂಜಣ್ಣ ಒಮ್ಮೆ ಪ್ರಯತ್ನಿಸಿದ, ಬ್ಯಾಟರಿ ಸತ್ತಿತ್ತು. ಕೆಲವು ವರ್ಷಗಳ ಮೇಲೆ ನಮ್ಮ ಜಮೀನು ಅಪಾರ್ಟ್‌ಮೆಂಟಿಗೆ ಹೋಯಿತು, ಮನೆ ಬಿತ್ತು, ಕೊಟ್ಟಿಗೆಯೂ ಬಿತ್ತು. ಹಳೆಯ ಕಾರು ಕೂಡಿಡುವವರೊಬ್ಬರು ಲಾರಿ ತಂದು ಬಸವನನ್ನು ಅದರ ಮೇಲೆ ಎಳೆದು ಕಟ್ಟಿಕೊಂಡು ಹೋದರು. ಅಷ್ಟು ಸದ್ದಿನ ಕಾರು ಸದ್ದಿಲ್ಲದೆ ಹೋಯಿತು.

ಈಗ ನಾವಿರುವುದು ಅದೇ ನೆಲದ ಮೇಲೆ, ಒಂಬತ್ತನೇ ಮಹಡಿಯಲ್ಲಿ. ನಮ್ಮ ಪಾಲಿಗೆ ಬಂದ ಮನೆಗಳಲ್ಲಿ ಒಂದರಲ್ಲಿ ನಾವು, ಉಳಿದವುಗಳಲ್ಲಿ ಬಾಡಿಗೆಯವರು. ಅಪ್ಪನೂ ಈಗಿಲ್ಲ. ಕೆರೆಗೆ ಸುತ್ತ ತಂತಿಬೇಲಿ ಬಂದಿದೆ. ಏರಿಯ ಮೇಲೆ ಡಾಂಬರು ರಸ್ತೆ. ದೊಡ್ಡಮ್ಮನಿಗೆ ಎರಡು ವರ್ಷದಿಂದ ಮರೆವು. ಮೊದಮೊದಲು ಹೆಸರುಗಳು ತಪ್ಪಿದವು. ಆಮೇಲೆ ಕಳೆದ ಬೇಸಿಗೆಯಿಂದ, ರಾತ್ರಿ ಊಟಕ್ಕೆ ಕರೆದರೆ ಅವರದು ಒಂದೇ ಮಾತು: “ಗಾಡಿ ಬರ್ಲಿ ಕಣವ್ವ, ಆಮೇಲೆ ಉಣ್ತೀನಿ.”

ನಾವು ಇಲ್ಲದ ಸುಳ್ಳುಗಳನ್ನೆಲ್ಲ ಹೇಳಿದೆವು. ದೊಡ್ಡಪ್ಪ ಹೋಟೆಲಿನಲ್ಲಿ ಉಂಡುಕೊಂಡು ಬರುತ್ತೇನೆಂದು ಫೋನು ಮಾಡಿದ್ದರು ಎಂದು ಮಂಜಣ್ಣ ಒಂದು ದಿನ ಹೇಳಿದ. ದೊಡ್ಡಮ್ಮ ಅವನನ್ನು ಮೇಲಿಂದ ಕೆಳಗೆ ನೋಡಿದರು. “ಅವ್ರು ಓಟ್ಲು ಮುದ್ದೆ ಮುಟ್ಟಾಕಿಲ್ಲ. ಯಾರ್ಗೆ ಏಳ್ತೀಯಲಾ ನೀನು?” ಅವರಿಗೆ ಸಕ್ಕರೆ ಕಾಯಿಲೆ. ಮಾತ್ರೆ ನುಂಗಿ ಊಟ ಮಾಡದೆ ಒಮ್ಮೆ ಬೆವೆತು, ಕಣ್ಣು ಮೇಲಾಗಿ, ಸೋಫಾದಿಂದ ಜಾರಿ ಬಿದ್ದರು. ಏನಾದರೂ ಮಾಡಿ ರಾತ್ರಿ ಊಟ ಮಾಡಿಸಿ, ಇನ್ನೊಮ್ಮೆ ಹೀಗಾದರೆ ಕಷ್ಟ ಎಂದರು ಡಾಕ್ಟರು. ನನಗೆ ಶಾಲೆಯ ದಿನಗಳಿಂದ ದಿನಚರಿ ಬರೆಯುವ ಅಭ್ಯಾಸ. ಕಾರ್ಖಾನೆಯವರು ವರ್ಷವೂ ಕೊಡುತ್ತಿದ್ದ ಡೈರಿಯನ್ನು ದೊಡ್ಡಪ್ಪ ನನಗೇ ತಂದುಕೊಡುತ್ತಿದ್ದರು. ಆಗ ಅದರಲ್ಲಿ ಓದಿದ ಪಾಠ, ಬಿದ್ದ ಮಳೆ ಬರೆಯುತ್ತಿದ್ದೆ. ಈಗ ಪ್ರತಿ ತಾರೀಕಿನ ಕೆಳಗೆ ದೊಡ್ಡಮ್ಮ ಉಂಡರು ಅಥವಾ ಉಣ್ಣಲಿಲ್ಲ ಎಂದು ಬರೆಯತೊಡಗಿದೆ. ಉಣ್ಣಲಿಲ್ಲ, ಉಣ್ಣಲಿಲ್ಲ ಎಂದು ಬರೆದು ಬರೆದು ಆ ಪದದ ಮೇಲೇ ಬೇಸರ ಬಂದಿತ್ತು.

ಅಂಥ ದಿನಗಳಲ್ಲೇ ನಮ್ಮ ಬಾಡಿಗೆಯವರಲ್ಲಿ ಒಬ್ಬರಾದ ಅರವಿಂದ್ ಹೊಸ ಕಾರು ತಂದರು. ನೀಲಿ ಬಣ್ಣ. ಅದೇ ಉದ್ದ ಮೂತಿ, ಎರಡೇ ಬಾಗಿಲು, ಹಿಂದೆ ಬಸವನ ಮೇಲಿದ್ದ ಅದೇ ಕಂಪನಿಯ ಹೆಸರು. ನೆಲಮಾಳಿಗೆಯಲ್ಲಿ ಅದನ್ನು ಕಂಡು ಮಂಜಣ್ಣ ದನದ ಮೈ ಸವರುವಂತೆ ಬಾನೆಟ್ಟಿನ ಮೇಲೆ ಕೈಯಾಡಿಸುತ್ತಾ ನಿಂತುಬಿಟ್ಟ. “ಒರಿಜಿನಲ್ಲು ನಿಮ್ಮನೇಲಿತ್ತಾ? ಸುಮ್ನೆ ಕಾಗೆ ಹಾರಿಸ್ಬೇಡಿ ಸಾರ್” ಎಂದರು ಅರವಿಂದ್. ಹುಲ್ಲಿನ ಕಥೆ ಕೇಳಿದ ಮೇಲಂತೂ ನಂಬಲೇ ಇಲ್ಲ. ಮಂಜಣ್ಣ ಫೋನಿನಲ್ಲಿದ್ದ ಹಳೆಯ ಫೋಟೊ ತೋರಿಸಿದ. ಬಸವನ ಡಿಕ್ಕಿಗೆ ಒಂದು ಕರು ಕಟ್ಟಿದ್ದ ಫೋಟೊ. ಆಮೇಲೆ ಅವರಿಬ್ಬರೂ ಸ್ನೇಹಿತರಾದರು.

ಎರಡನ್ನೂ ಹೋಲಿಸಿದರೆ ಹೊಸದೇ ಎಲ್ಲದರಲ್ಲೂ ಮೇಲು, ಅದನ್ನು ಒಪ್ಪಲೇಬೇಕು. ಬಸವನಿಗೆ ಬ್ರೇಕು ಹಿಡಿಯಬೇಕೆಂದರೆ ಮುಂಚೆಯೇ ದೇವರನ್ನು ನೆನೆಯಬೇಕಿತ್ತು. ಚಳಿಗಾಲದ ಬೆಳಿಗ್ಗೆ ನಾವೆಲ್ಲ ಹಿಂದಿನಿಂದ ತಳ್ಳಬೇಕಿತ್ತು, ಬೇಸಿಗೆಯಲ್ಲಿ ಸೀಟು ತೊಡೆ ಸುಡುತ್ತಿತ್ತು, ಟ್ರಾಫಿಕ್ಕಿನಲ್ಲಿ ಮೂತಿಯಿಂದ ಹಬೆ ಏಳುತ್ತಿತ್ತು. ಹೊಸದು ಗುಂಡಿ ಒತ್ತಿದರೆ ಏಳುತ್ತದೆ, ಒಳಗೆ ತಂಪು, ಹಿಂದಕ್ಕೆ ಬರುವಾಗ ಪರದೆಯ ಮೇಲೆ ದಾರಿ ತೋರಿಸುತ್ತದೆ, ಬಸವನಿಗಿಂತ ಎಷ್ಟೋ ವೇಗ, ಕುಡಿಯುವುದೂ ಕಡಿಮೆ. ಆದರೆ ಅದು ಹದಿನೈದು ದಿನದಿಂದ ನಮ್ಮ ಕೆಳಗೇ ಓಡಾಡುತ್ತಿದ್ದರೂ ನಮಗೆ ಕೇಳಿಸಿಯೇ ಇರಲಿಲ್ಲ. ಏಕೆಂದು ಕೇಳಿದಾಗ ಅರವಿಂದ್ ಪರದೆ ಮುಟ್ಟಿ ತೋರಿಸಿದರು. ಸದ್ದು ಎಷ್ಟು ಬೇಕೆಂದು ಅದರಲ್ಲಿ ಆರಿಸಿಕೊಳ್ಳಬಹುದು. “ಅಕ್ಕಪಕ್ಕದೋರು ಕಂಪ್ಲೇಂಟ್ ಮಾಡ್ತಾರೆ ಅಂತ ಗೇಟ್ ಹತ್ರ ಬಂದ ತಕ್ಷಣ ಕ್ವಯಟ್‌ಗೆ ಹಾಕ್ಬಿಡ್ತೀನಿ ಮೇಡಂ. ಒಳಗಡೆ ಸ್ಪೀಕರ್‌ನಲ್ಲೂ ಸೌಂಡ್ ಬರುತ್ತೆ, ಕೂತ್ಕೊಂಡ್ ಕೇಳಿ, ಸಕ್ಕತ್ತಾಗಿರುತ್ತೆ.” ಕುಳಿತು ಕೇಳಿದೆ. ನಿಜಕ್ಕೂ ಚೆನ್ನಾಗಿತ್ತು. ಬಸವನೊಳಗೆ ಕುಳಿತವರು ಮಾತನಾಡಲೂ ಆಗದೆ ಒದ್ದಾಡುತ್ತಿದ್ದರು. ಅದರ ಸದ್ದೆಲ್ಲ ದೂರದಲ್ಲಿ ಒಲೆಯ ಮುಂದೆ ಕುಳಿತವರ ಪಾಲಿಗೆ. ಇದರ ಸದ್ದು ಕುಳಿತವರಿಗೆ ಮಾತ್ರ.

ಆ ಸದ್ದನ್ನು ದೊಡ್ಡಮ್ಮನಿಗೆ ಕೇಳಿಸಿ ನೋಡೋಣ ಎಂದ ಮಂಜಣ್ಣ. ಅವನು ವಿಷಯ ಹೇಳಿದಾಗ ಅರವಿಂದ್ “ಎಷ್ಟೊತ್ತಿಗೆ ಬರ್ಲಿ ಸಾರ್?” ಎಂದಷ್ಟೇ ಕೇಳಿದರು. ಒಂದು ಸಂಜೆ ಬಾಲ್ಕನಿಯ ಬಾಗಿಲು ತೆಗೆದು, ದೊಡ್ಡಮ್ಮನನ್ನು ಕುರ್ಚಿಯಲ್ಲಿ ಕೂರಿಸಿದೆವು. ಕೆಳಗೆ ಅರವಿಂದ್ ಸದ್ದನ್ನು ಪೂರ್ತಿ ಏರಿಸಿ ಅಂಗಳದಲ್ಲಿ ಎರಡು ಸುತ್ತು ಹೊಡೆದರು. ಸೆಕ್ಯೂರಿಟಿಯವರು ಸೀಟಿ ಊದುತ್ತಾ ಓಡಿ ಬಂದರು. ನಾವು ದೊಡ್ಡಮ್ಮನ ಮುಖವನ್ನೇ ನೋಡುತ್ತಿದ್ದೆವು. ಅವರು ತಲೆಯೆತ್ತಿ ಅಮ್ಮನಿಗೆ ಹೇಳಿದರು: “ನೀರಿನ ಟ್ಯಾಂಕರ್ ಬಂತು ನೋಡು. ಸಂಪಿನ ಮುಚ್ಚಳ ತೆಗ್ಯಾಕೇಳು.” ಮಂಜಣ್ಣನಿಗೆ ನಗು ಬಂತು. ನಗುತ್ತಾ ನಗುತ್ತಾ ಅಲ್ಲೇ ನೆಲದ ಮೇಲೆ ಕುಳಿತು ಮುಖ ಒರೆಸಿಕೊಂಡ. ಆ ರಾತ್ರಿಯೂ ಉಣ್ಣಲಿಲ್ಲ.

ಅವರನ್ನೇ ಕಾರಿನಲ್ಲಿ ಕೂರಿಸಿಕೊಂಡು ಏರಿಯ ಮೇಲೆ ಹೋಗಿ ಬರೋಣ ಎಂದವರು ಅರವಿಂದ್. ಮರುದಿನ ಸಂಜೆ ಕೆಳಗೆ ಕರೆದುಕೊಂಡು ಹೋದೆವು. ಈ ಕಾರಿನ ಸ್ಟಿಯರಿಂಗು ಬಲಗಡೆ. ದೊಡ್ಡಮ್ಮನಿಗೆ ಎಡಗಡೆಯ ಬಾಗಿಲು ತೆರೆದರೆ ಅವರು ಹತ್ತಲಿಲ್ಲ. “ಇದು ಅವ್ರ ಜಾಗ” ಎಂದರು. ನಾನು, ಅವರು ಇವತ್ತು ನಿಮಗೆ ಬಿಟ್ಟುಕೊಟ್ಟಿದ್ದಾರೆ ಎಂದೆ. ಅದಕ್ಕೇನೋ ಒಪ್ಪಿ, ಸೆರಗು ಸಾವರಿಸಿಕೊಂಡು ಕುಳಿತರು. ಹಿಂದಿನ ಇಕ್ಕಟ್ಟಿನಲ್ಲಿ ನಾನೂ ಮಂಜಣ್ಣನೂ ಮೊಣಕಾಲು ಮಡಚಿ ತುರುಕಿಕೊಂಡೆವು. ಕೆರೆಯ ಆಚೆ ತುದಿಯವರೆಗೆ ಹೋಗಿ ತಿರುಗಿಸಿಕೊಂಡು, ಕೋಡಿಯ ಹತ್ತಿರ ಅರವಿಂದ್ ನಿಧಾನವಾಗಿ ವೇಗ ಏರಿಸಿದರು. ಗುಟುರು ಒಳಗೆಲ್ಲ ತುಂಬಿತು. ದೊಡ್ಡಮ್ಮ ಕಣ್ಣು ಮುಚ್ಚಿದರು. ಅವರ ಕೈ ಅಲ್ಲಿಲ್ಲದ ಏನನ್ನೋ ಹುಡುಕಿದಂತೆ ಮುಂದಕ್ಕೆ ಹೋಗಿ ಮಡಿಲಿಗೆ ಮರಳಿತು. ಎಸರಿನ ಪಾತ್ರೆಗೆ ಇರಬೇಕು. ಮಂಜಣ್ಣ ನನ್ನ ಮಣಿಕಟ್ಟು ಹಿಡಿದುಕೊಂಡ. ಬಂತು ಎನ್ನುತ್ತಾರೆ ಎಂದು ನಾವಿಬ್ಬರೂ ಕಾದೆವು.

ಏರಿ ಮುಗಿಯಿತು, ನಮ್ಮ ಗೇಟು ಕಾಣಿಸಿತು. ಅರವಿಂದ್ ಅಭ್ಯಾಸಬಲದಿಂದ ಪರದೆ ಮುಟ್ಟಿದರು. ಗುಟುರು ತಗ್ಗಿತು, ಸಣ್ಣದಾಯಿತು, ದೂರದಲ್ಲೆಲ್ಲೋ ಹೋದಂತಾಗಿ ನಿಂತುಹೋಯಿತು. ದೊಡ್ಡಮ್ಮ ಕಣ್ಣು ಮುಚ್ಚಿಕೊಂಡೇ, ಕೊನೆಯ ಎಳೆಯವರೆಗೂ ಕೇಳಿಸಿಕೊಂಡರು.

“ಕೋಡಿ ದಾಟ್ತು” ಎಂದರು. ಸ್ವಲ್ಪ ತಡೆದು, “ಒಂಟೋದ್ರು.”

ಅರವಿಂದ್ ತಿರುಗಿ ನನ್ನನ್ನು ನೋಡಿದರು, ಏನು ಹೇಳಿದರು ಎಂಬಂತೆ. ಆ ಭಾನುವಾರ ದೊಡ್ಡಪ್ಪ ಹೊರಟಾಗ ಕೇಳಿಸದೆ ಹೋದ ಸದ್ದು ಅವರಿಗೆ ಈಗ ಕೇಳಿಸಿತ್ತು.

ಮೇಲೆ ಬಂದು ದೊಡ್ಡಮ್ಮ ತಾವಾಗಿಯೇ ಕೈ ತೊಳೆದರು. “ಇಕ್ಕವ್ವ” ಎಂದು ಅಮ್ಮನಿಗೆ ಹೇಳಿ ತಟ್ಟೆಯ ಮುಂದೆ ಕುಳಿತರು. ಅಮ್ಮ ಗಾಬರಿಯಲ್ಲಿ ಎಸರಿಟ್ಟು ಮುದ್ದೆ ಕಟ್ಟಿ ಬಡಿಸಿದಳು. ಪೂರ್ತಿ ಮುದ್ದೆ ಉಂಡರು, ಸಾರು ಕೇಳಿ ಹಾಕಿಸಿಕೊಂಡರು. ಉಣ್ಣಲಾಗದವರು ನಾವು. ಮಂಜಣ್ಣ ಬಾಲ್ಕನಿಯಲ್ಲಿ ಕತ್ತಲಾಗುವವರೆಗೂ ಕೆರೆಯ ಕಡೆ ಮುಖ ಮಾಡಿ ನಿಂತಿದ್ದ.

ಅಂದಿನಿಂದ ನನ್ನ ದಿನಚರಿಯಲ್ಲಿ ದಿನವೂ ಒಂದೇ ಪದ: ಉಂಡರು. ಸಕ್ಕರೆ ಹತೋಟಿಯಲ್ಲಿದೆ, ಕೆನ್ನೆ ಸ್ವಲ್ಪ ತುಂಬಿಕೊಂಡಿದೆ. ಗಾಡಿಯ ಮಾತು ಮತ್ತೆ ಎತ್ತಿಲ್ಲ. ನಾವು ಬೇಡಿಕೊಂಡದ್ದು ಇದನ್ನೇ. ಅದಕ್ಕೇ, ಅವರ ಬಾಯಿಂದ ಆ ಮಾತು ಇನ್ನೊಮ್ಮೆ ಬರಲಿ ಎಂದು ಆಸೆಪಡುವುದಕ್ಕೂ ನನಗೆ ನಾಚಿಕೆಯಾಗುತ್ತದೆ.

ಮೊನ್ನೆ ಆ ಬಸ್ಸು ಕೊನೆಗೂ ಹೊರಟು, ನಾನು ಮನೆ ಮುಟ್ಟುವ ಹೊತ್ತಿಗೆ ತಡವಾಗಿತ್ತು. ಕೂದಲಲ್ಲಿ ಪೆಟ್ರೋಲು, ಹುಲ್ಲಿನ ವಾಸನೆ ಇನ್ನೂ ಇತ್ತೆಂದು ನನ್ನ ಭ್ರಮೆ. ದೊಡ್ಡಮ್ಮ ಆಗಲೇ ಮಲಗಿದ್ದರು. ಎಲ್ಲರೂ ಬಂದ ಮೇಲೆಯೇ ಉಣ್ಣುತ್ತಿದ್ದವರ ತಟ್ಟೆ, ತೊಳೆದು, ಒಲೆಯ ಪಕ್ಕ ಬೋರಲು ಹಾಕಿತ್ತು.