ಪೂಜೆಗಿಟ್ಟ ಕತ್ತರಿ

ಲಾಕ್‌ಡೌನ್ ಮುಗಿದು ಬೋರಗಾಂವದ ಮಗ್ಗಗಳು ಮತ್ತೆ ಸದ್ದು ಮಾಡತೊಡಗಿದಾಗ ನಮ್ಮ ಮಾಲಕರ ಮಾತಿಗೆ ಬೆಣ್ಣೆ ಸವರಿದಂತಾಗಿತ್ತು. ಮೊದಲು ‘ಲೇ’ ಎಂದು ಕೂಗುತ್ತಿದ್ದವರು ಈಗ ‘ಅಣ್ಣಾರ, ಊಟ ಆತೇನ್ರಿ?’ ಅನ್ನುತ್ತಿದ್ದರು. ಚಹಾದಲ್ಲಿ ಹಾಲು ಕಾಣಿಸಿತು. ನನಗೆ ಯಾವುದೂ ಗಂಟಲಲ್ಲಿ ಇಳಿಯಲಿಲ್ಲ. ಮಗ್ಗ ನಿಂತಿದ್ದಾಗ ನನ್ನ ಫೋನು ಎತ್ತದ ಮನುಷ್ಯ ಇವರು. ಅರ್ಧಕ್ಕರ್ಧ ಜನ ಗಡಿಯಾಚೆ ಮಹಾರಾಷ್ಟ್ರದ ಇಚಲಕರಂಜಿಯ ಮಗ್ಗಗಳಿಗೆ ಹೋದ ಮೇಲೆ ಉಳಿದ ನಾವು ಇವರಿಗೆ ‘ಮನಿ ಮಂದಿ’ ಆಗಿದ್ದೆವು.

ಒಂದು ದಿನ ಯಾರೋ ಟೇಪು ಹಿಡಿದು ಬಂದು ನನ್ನ ಮಗ್ಗದ ಸುತ್ತ ಅಳೆದು ಹೋದ. ಕೇಳಿದರೆ ಮಾಲಕರು ‘ಫ್ಯಾನ್ ಹಾಕಸಾಕ್ರಿ’ ಅಂದರು. ಫ್ಯಾನಿಗೆ ಯಾರಾದರೂ ನೆಲ ಅಳೆಯುತ್ತಾರೆಯೇ? ಹಳೆಯ ಮಗ್ಗ ಗುಜರಿಗೆ ಹಾಕಿ ಹೊಸ ಯಂತ್ರ ತರುತ್ತಾರೆ, ಆಮೇಲೆ ನಾನೂ ಗುಜರಿಯೇ ಅಂದುಕೊಂಡೆ.

ಪಕ್ಕದ ಮಗ್ಗದ ಚಾಚಾನ ಮೇಲೂ ಕಣ್ಣಿಟ್ಟಿದ್ದೆ. ನನಗೆ ಕೆಲಸ ಕಲಿಸಿದವನೇ ಅವನು. ಈಚೆಗೆ ಫೋನು ಬಂದರೆ ಹೊರಗೆ ಹೋಗಿ ಮರಾಠಿಯಲ್ಲಿ ಪಿಸುಗುಡುತ್ತಿದ್ದ. ಯಾರದೆಂದರೆ ‘ಮಗಳದ’ ಅನ್ನುತ್ತಿದ್ದ. ಮಗಳ ಜೊತೆ ಅವನು ಮರಾಠಿ ಮಾತಾಡಿದ್ದನ್ನು ನಾನು ಎಂದೂ ಕೇಳಿರಲಿಲ್ಲ.

ನಮ್ಮ ಶೆಡ್ಡಿನಲ್ಲೊಂದು ರೂಢಿಯಿದೆ. ದಸರೆಯ ಖಂಡೆಪೂಜೆಗೆ, ಅಂದರೆ ಆಯುಧಪೂಜೆಗೆ, ನೇಕಾರ ತನ್ನ ಕತ್ತರಿಯನ್ನು ತನ್ನ ಮಗ್ಗದ ಮೇಲಿಡಬೇಕು. ಇಟ್ಟವನು ಮುಂದಿನ ಪೂಜೆಯವರೆಗೆ ಬಿಟ್ಟು ಹೋಗುವಂತಿಲ್ಲ. ಇಡದಿದ್ದರೆ ಆ ಮಗ್ಗ ಬೇರೆಯವರ ಪಾಲು. ಬಾಯಿಬಿಟ್ಟು ಯಾರೂ ಕೇಳುವುದಿಲ್ಲ.

ಊರು ಬಿಡುವುದು ನನ್ನಿಂದಾಗದ ಮಾತು. ಹೆಂಡತಿ ಹಾಸಿಗೆ ಹಿಡಿದಿದ್ದಳು. ಮಧ್ಯಾಹ್ನ ಮನೆಗೆ ಹೋಗಿ ಅವಳಿಗೆ ಉಣಿಸಿ ಬರಬೇಕಿತ್ತು. ಈ ಮಗ್ಗ ಹೋದರೆ ಅದೂ ಹೋದಂತೆ. ಆದರೂ ಆ ವರ್ಷ ಕತ್ತರಿಯನ್ನು ಕಿಸೆಯಲ್ಲೇ ಇಟ್ಟುಕೊಂಡು ಹೋದೆ. ಮಗ್ಗಗಳ ಗತಿ ಏನೆಂದು ಚಾಚಾನಿಗೆ ಗೊತ್ತಿದ್ದೀತು, ಅವನು ಇಟ್ಟರೆ ನಾನೂ ಇಡುವುದು ಎಂಬ ಹಂಚಿಕೆ. ಬಾಗಿಲಲ್ಲಿ ಅವನ ದಾರಿ ಕಾಯುತ್ತ ನಿಂತೆ. ಅವನು ಬರಲಿಲ್ಲ. ಒಳಗೆ ಆರತಿಯ ಗಂಟೆ ಬಾರಿಸಿತು.

ಹೋಗಿ ನೋಡಿದರೆ ಚಾಚಾನ ಮಗ್ಗ ಬರಿದು. ನನ್ನ ಮಗ್ಗದ ಮೇಲೆ ಒಂದು ಕತ್ತರಿ. ಹೆಬ್ಬೆರಳು ತೂರಿಸುವ ಹಿಡಿಕೆಯ ಬಳೆಗೆ ಸುತ್ತಿದ ಹಸಿರು ಚಿಂದಿ ನೋಡಿದೊಡನೆ ಅವನದೆಂದು ಗೊತ್ತಾಯಿತು. ಮಾಲಕರು ಯಾರದೆಂದು ಕೇಳದೆ ಅದಕ್ಕೆ ಹೂವೇರಿಸಿ ಮುಂದೆ ಹೋದರು; ನನ್ನ ಮಗ್ಗ ನನಗೇ ಉಳಿಯಿತು. ಬರಿದಾದ ಮಗ್ಗದ ಮುಂದೆ ಕೊಂಚ ನಿಂತು ಹೊಸಬನೊಬ್ಬನನ್ನು ಕರೆದರು. ತಲೆಯ ಮೇಲೆ ಹೊಸ ಫ್ಯಾನು ತಿರುಗುತ್ತಿತ್ತು.

ಹೊರಗೆ ಬಂದು ಫೋನು ಮಾಡಿದೆ. ಆಚೆ ಬಸ್ಸಿನ ಸದ್ದು.

‘ಇಚಲಕರಂಜಿಗೆ ಹೊಂಟೇನಪಾ,’ ಅಂದ ಚಾಚಾ. ‘ನೀ ಸಂಶೆದ ಮನಶ್ಯಾ. ಕತ್ತರಿ ಕಿಸೆದಾಗ ಇಟಗೊಂಡ ಎಲ್ಲಾರ ಮಾರಿ ನೋಡಕೋಂತ ನಿಂದ್ರತಿ ಅಂತ ಗೊತ್ತಿತ್ತು. ಅದಕ್ಕ ನಸಕನ್ಯಾಗ ಬಂದ ನಂದ ಇಟ್ಟ ಹೋದೆ.’

‘ಅಲ್ಲೆ ನಿನಗ ಕತ್ತರಿ?’

‘ಹೊಸಾದ ತಗೋತೀನಿ.’

ಕೈಗೆ ಪಳಗಿದ ಕತ್ತರಿಯನ್ನು ನಮ್ಮಲ್ಲಿ ಯಾರೂ ತಮ್ಮನಿಗೂ ಕೊಡುವುದಿಲ್ಲ. ಆದರೂ ಹಾಳು ಬಾಯಿ ಸುಮ್ಮನಿರಲಿಲ್ಲ.

‘ಮಾಲಕ್ರ ಹೇಳಿ ಇಡಿಸಿದ್ರೇನ?’

ಆಚೆ ಚಾಚಾ ಕಂಡಕ್ಟರನಿಗೆ ಚಿಲ್ಲರೆ ಎಣಿಸಿಕೊಟ್ಟದ್ದು ಕೇಳಿಸಿತು.

‘ಮನಿಗಿ ಹೋಗ,’ ಅಂದ. ‘ಅಕಿಗೆ ಉಣಸೂ ಹೊತ್ತಾತು.’