ತನ್ನ ಮಾತು ಸೇರಿಸದ ಪೆನ್ನಕ್ಕ

ಬೆಳಗಿನ ಐದೂವರೆ. ಟೈಲರಿಂಗ್ ಅಂಗಡಿಯ ಹಿಂದಿನ ಅಡುಗೆಮನೆಯಲ್ಲಿ ಪೆನ್ನಕ್ಕ ಪತ್ರಿಕೆಯ ಸಂಪಾದಕೀಯವನ್ನು ಗಟ್ಟಿಯಾಗಿ ಓದುತ್ತಿದ್ದಾರೆ. ಎದುರಿಗೆ ಬೀನ್ಸ್ ಮುರಿಯುತ್ತ ಕೂತ ಅತ್ತೆ ನಡುವೆಯೇ ತಡೆಯುತ್ತಾರೆ.

"ಮಂತ್ರಿ ಹೆಸರು ಬಂದಾಗ ನಿನ್ ಧ್ವನಿ ಕೊಂಕಾಯ್ತು. ಇನ್ನೊಂದ್ಸಲ ಓದು."

"ಆಯ್ತತ್ತೆ." ಸೊಸೆ ಅದೇ ಸಾಲನ್ನು ಉಪ್ಪೂ ಖಾರವೂ ಇಲ್ಲದ ಹಾಗೆ ಮತ್ತೆ ಓದುತ್ತಾರೆ. ಈ ಸಲ ತಕರಾರಿಲ್ಲ.

ಹತ್ತು ಗಂಟೆಗೆ ಸಾಹಿತ್ಯದ ಪರೀಕ್ಷೆ. ಕಣ್ಣು ಕಾಣದ ವಿದ್ಯಾರ್ಥಿಗಳಿಗೆ ಪ್ರಶ್ನೆಪತ್ರಿಕೆ ಓದಿ ಹೇಳಿ, ಅವರು ಹೇಳುವ ಉತ್ತರ ಬರೆದುಕೊಡುವುದು ಪೆನ್ನಕ್ಕನ ಕೆಲಸ. ಈ ಹೆಸರಿಟ್ಟವರೂ ಆ ವಿದ್ಯಾರ್ಥಿಗಳೇ. ಹದಿನೇಳು ವರ್ಷಗಳಲ್ಲಿ ಇನ್ನೂರ ಹನ್ನೆರಡು ಪರೀಕ್ಷೆ, ಒಂದೊಂದಕ್ಕೂ ನಾಲ್ಕು ಗಂಟೆ. ಉಳಿದ ದಿನಗಳಲ್ಲಿ ಹೊಲಿಗೆ.

ಅವರು ಓದಿದ್ದು ಹತ್ತನೇ ತರಗತಿ. ಬರೆದುಕೊಡುವವರು ಪರೀಕ್ಷಾರ್ಥಿಗಿಂತ ಕಡಿಮೆ ಓದಿರಬೇಕೆಂಬುದು ನಿಯಮ. "ನಾನು ಓದದೇ ಇದ್ದಿದ್ದು ಒಂದು ಕೆಲಸಕ್ಕಾದ್ರೂ ಬಂತಲ್ಲ," ಎಂದು ನಗುತ್ತಾರೆ.

ಈ ಕೆಲಸದ ಆರನೇ ವರ್ಷದ ಮಾತು ಬಂದರೆ ಮಾತ್ರ ಆ ನಗು ಇಳಿಯುತ್ತದೆ. ಅಂದಿನ ಗದ್ಯಭಾಗದಲ್ಲಿ ಲೇಖಕರು, ಮರಗಳನ್ನು ಕಡಿದು ಮಾಡಿದ ಹೊಸ ರಸ್ತೆಯನ್ನು ಬಾಯ್ತುಂಬ ಹೊಗಳಿದ್ದರು. ಇನ್ನು ನೆರಳಿನ ಕಾಟವಿಲ್ಲ ಎಂದಿದ್ದರು. ಪೆನ್ನಕ್ಕ ಹಿಗ್ಗಿನಿಂದ ಓದಿಬಿಟ್ಟರು. 'ರಸ್ತೆಯ ಬಗ್ಗೆ ಲೇಖಕರ ಅಭಿಪ್ರಾಯವೇನು?' ಎಂಬ ಪ್ರಶ್ನೆಗೆ ಅಂದು ಪರೀಕ್ಷೆಗೆ ಕೂತಿದ್ದ ಯುವಕ, ಲೇಖಕರಿಗೆ ಬಹಳ ಸಂತೋಷವಾಗಿದೆ ಎಂದು ಬರೆಸಿದ. ಬರೆಯುವಾಗ ಪೆನ್ನಕ್ಕನಿಗೆ ಹೊಳೆಯಿತು: ನೆರಳನ್ನು ಯಾರಾದರೂ ಕಾಟ ಅನ್ನುತ್ತಾರೆಯೇ? ಲೇಖಕರದು ವ್ಯಂಗ್ಯ. ಆದರೆ ತುಟಿ ಬಿಚ್ಚುವ ಹಾಗಿಲ್ಲ. ಎರಡು ಅಂಕದಲ್ಲಿ ಯುವಕ ನಪಾಸಾದ.

"ಅವನು ಬೈಲಿಲ್ಲ. 'ಅಕ್ಕಾ, ನೀವು ಖುಷಿಯಾಗಿ ಓದಿದ್ರಿ, ಬರೆದವರಿಗೂ ಖುಷಿ ಇರ್ಬೇಕು ಅಂದ್ಕೊಂಡೆ' ಅಂದ. ಬೈದಿದ್ರೇ ಚೆನ್ನಾಗಿತ್ತು."

ಮರುದಿನದಿಂದಲೇ ಮುಂಜಾನೆಯ ಈ ಅಭ್ಯಾಸ ಶುರುವಾಯಿತು. ಅತ್ತೆಯ ಕಿವಿ ಬಲು ಚುರುಕು. ಹೊಗಳಿಕೆ, ಹಂಗಿಸುವಿಕೆ ಯಾವುದೂ ತಪ್ಪಿಸಿಕೊಳ್ಳುವುದಿಲ್ಲ.

ಹೋದ ವರ್ಷ ಕಾಲೇಜಿನ ಹುಡುಗಿಯೊಬ್ಬಳಿಗೆ ಬರೆಯಲು ಕೂತಾಗ ಬಂದದ್ದು, ಒಬ್ಬ ಮಗ ತಂದೆಯ ಬಗ್ಗೆ ಬರೆದ ಪುಟ. ಅಪ್ಪ ಒಂದು ದಿನವೂ ತಡವಾಗಿ ಬಂದವರಲ್ಲ, ಅವರನ್ನು ನೋಡಿ ಓಣಿಯವರು ಗಡಿಯಾರ ಸರಿಮಾಡಿಕೊಳ್ಳುತ್ತಿದ್ದರು. ಮಗನಿಗೆ ಎಂಥ ಹೆಮ್ಮೆ ಎಂದುಕೊಂಡೇ, ಅದನ್ನು ದನಿಗೆ ಬಿಡದೆ ಪೆನ್ನಕ್ಕ ಓದಿದರು. ಹುಡುಗಿ ನಾಲ್ಕು ಸಲ ಓದಿಸಿಕೊಂಡಳು. ಆಮೇಲೆ ನಿಧಾನವಾಗಿ ಬರೆಸಿದಳು: 'ಲೇಖಕರಿಗೆ ಇರುವುದು ಹೆಮ್ಮೆಯಲ್ಲ, ಸಂಕಟ. ಇಡೀ ಪುಟದಲ್ಲಿ ಗಡಿಯಾರದ ಸದ್ದಿದೆ. ಅಪ್ಪ ಮಗನೊಂದಿಗೆ ಒಂದು ಮಾತೂ ಆಡುವುದಿಲ್ಲ.'

"ಪೆನ್ನು ಒಂದು ಗಳಿಗೆ ನಿಂತೇಹೋಯ್ತು," ಎನ್ನುತ್ತಾರೆ ಪೆನ್ನಕ್ಕ. "ತಪ್ಪು ಅನ್ಸಿತು. ಆದ್ರೂ ಬರೆದೆ. ವಾಪಸ್ ಬರ್ತಾ ಬಸ್ಸಲ್ಲಿ ಯೋಚಿಸಿದ್ರೆ, ಹೌದಲ್ಲ, ಅಪ್ಪನ ಒಂದು ಮಾತೂ ಇಲ್ಲ ಅಲ್ಲಿ. ನಾನು ನಾಲ್ಕು ಸಲ ಓದಿದ್ದೆ, ನನಗೇ ಕಂಡಿರಲಿಲ್ಲ."

ಹುಡುಗಿಗೆ ಅತಿ ಹೆಚ್ಚು ಅಂಕ ಬಂದದ್ದು ಆ ಪತ್ರಿಕೆಯಲ್ಲೇ. ಇಂದಿನದೂ ಅವಳದೇ, ಕೊನೆಯ ಪರೀಕ್ಷೆ. ನೀವೂ ಮುಂದೆ ಓದಬಹುದಲ್ಲ ಎಂದರೆ ಪೆನ್ನಕ್ಕ ಇಲ್ಲವೆಂದು ತಲೆಯಾಡಿಸುತ್ತಾರೆ. "ಪಾಸಾಗಿಬಿಟ್ರೆ ಈ ಮಕ್ಕಳಿಗೆ ಬರೆಯೋಕೆ ಬಿಡಲ್ವಲ್ಲ."

ಚಪ್ಪಲಿ ಮೆಟ್ಟಿಕೊಳ್ಳುತ್ತ, ಕೇಳದೆಯೇ ಒಂದು ಆಸೆ ಹೇಳುತ್ತಾರೆ: "ಪರೀಕ್ಷೆ ಎಲ್ಲ ಮುಗಿದ ಮೇಲೆ ಆ ಹುಡುಗಿಗೆ ಒಂದು ಕಥೆ ಓದಿ ಹೇಳ್ಬೇಕು. ಎಲ್ಲಿ ನಗು ಬರುತ್ತೋ ಅಲ್ಲಿ ನಗ್ತಾ ಓದ್ಬೇಕು. ಆಮೇಲೆ ಅವಳಿಗೆ ಏನನ್ನಿಸ್ತು ಅಂತ ಕೇಳಿ, ನನಗೇನನ್ನಿಸ್ತು ಅಂತಾನೂ ಹೇಳ್ಬೇಕು."