ನಮಗಿಂತ ಮುಂಚೆ ಬಂದ ಕಲ್ಲು

ಬೆಂಗಳೂರಿನಿಂದ ಸಿಂಗಪುರಕ್ಕೆ ಮೂರು ಸಾವಿರ ಕಿಲೋಮೀಟರಿಗೂ ಹೆಚ್ಚು, ಹಾರಾಟ ನಾಲ್ಕೂವರೆ ಗಂಟೆ ಎಂದು ಗಗನಸಖಿ ಹೇಳಿದಾಗ ಅಪ್ಪ ನಂಬಲಿಲ್ಲ. "ಅಷ್ಟ್ ದೂರಕ್ಕೆ ಇಷ್ಟೇ ಹೊತ್ತಾ? ಸುಳ್ ಹೇಳ್ತಾವ್ಳೆ ಬುಡು" ಎಂದ. ಕನಕಪುರದ ಕಲ್ಲು ಕ್ವಾರಿಯಲ್ಲಿ ಮೇಸ್ತ್ರಿಯಾಗಿದ್ದವನು ಅವನು.

ಇಳಿದ ಮೇಲೆ ಪಾಸ್‌ಪೋರ್ಟಿಗೆ ಸೀಲು ಹಾಕಿಸಲು ಸಾಲಿನಲ್ಲಿ ನಿಂತಿದ್ದೆವು. ಇದ್ದಕ್ಕಿದ್ದಂತೆ ಅಪ್ಪ ಕುಕ್ಕರಗಾಲಲ್ಲಿ ಕೂತು, ಬಾಟಲಿಯ ನೀರನ್ನು ಅಂಗೈಗೆ ಸುರಿದುಕೊಂಡು ನೆಲಕ್ಕೆ ಸವರಿದ. ಕ್ವಾರಿಯಲ್ಲಿ ಕಲ್ಲಿನ ನಿಜವಾದ ಬಣ್ಣ ನೋಡುವುದು ಹೀಗೆಯೇ. ಪಾಲಿಶ್ ಮಾಡಿದ ನೆಲಕ್ಕೆ ನೀರು ಬೇಕಿರಲಿಲ್ಲ, ಆದರೆ ಅವನ ಕೈ ಕೇಳಬೇಕಲ್ಲ! ಬೂದುಬಣ್ಣದ ನಡುವೆ ಗುಲಾಬಿ ಅಲೆಗಳು ಹೊಳೆದವು.

"ನಮ್ದೇ ಕಣವ್ವ! ನಮ್ ಕನಕಪುರದ್ದೇ!"

ಮೇಜಿನ ಹಿಂದಿದ್ದ ಅಧಿಕಾರಿ ಹೆಂಗಸು ಎದ್ದು ಬಂದು, ಏನಾದರೂ ಬೀಳಿಸಿಕೊಂಡಿರಾ ಎಂದು ಇಂಗ್ಲಿಷಿನಲ್ಲಿ ಕೇಳಿದಳು. ನನಗೆ ನಾಚಿಕೆಯಾಯಿತು. ಅಪ್ಪ ಪಂಚೆಗೆ ಕೈ ಒರೆಸಿಕೊಂಡು ಎದ್ದ.

"ನಾವ್ ಈಗ ಬಂದೋ. ಇದು ಹಡಗಲ್ಲಿ ಕುಂತ್ಕೊಂಡು ನಮ್ಗಿಂತ ಮುಂಚೆ ಬಂದ್ಬುಟ್ಟೈತೆ. ಮೊದ್ಲು ಇದುಕ್ಕೆ ಸೀಲ್ ಹಾಕು ಅನ್ನವ್ವ."

ನಾನು ಹಾಗೆಯೇ ಹೇಳಿದೆ. ಅವಳು ನಗಲಿಲ್ಲ. ನೆಲವನ್ನೊಮ್ಮೆ ನೋಡಿ, ಆ ಒದ್ದೆ ಕಲ್ಲಿನ ಮೇಲಿಟ್ಟಿದ್ದ ತನ್ನ ಶೂ ಕಾಲನ್ನು ಮೆಲ್ಲಗೆ ಹಿಂದಕ್ಕೆ ತೆಗೆದುಕೊಂಡಳು.